ಕಾಫಿ ಯಂತ್ರವೂ ಬೆಳಕಿನ ಹಕ್ಕೂ

ನಮ್ಮ ಮನೆಯಲ್ಲಿ ಕಾಫಿಗೆ ತಯಾರಿ ನಡೆದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಘಮದಿಂದಲ್ಲ, ಅಷ್ಟು ದೂರ ಘಮ ಹೋಗುವಂಥ ಕಾಫಿಯನ್ನು ನಾನು ಇನ್ನೂ ಮಾಡಿಲ್ಲ. ನಾನು ಕಾಫಿ ಯಂತ್ರದ ಸ್ವಿಚ್ಚು ಹಾಕಿದ ಕೂಡಲೇ ಅಕ್ಕಪಕ್ಕದ ಮನೆಗಳ ದೀಪಗಳೆಲ್ಲ ಕುಗ್ಗಿ ಕೆಂಪಗಾಗುತ್ತವೆ. "ವಕೀಲ್ರ ಮನಿ ಕಾಫಿ ಶುರು ಆಯ್ತ್ ಕಾಣಿ" ಎಂದು ಬೀದಿಯವರು ಮಾತಾಡಿಕೊಳ್ಳುತ್ತಾರೆ. ಕುಂದಾಪುರದ ಕೋರ್ಟಿನಲ್ಲಿ ಇಷ್ಟು ವರ್ಷ ವಾದಿಸಿಯೂ ಸಿಗದ ಹೆಸರು ನನಗೆ ಹೀಗೆ ಸಿಕ್ಕಿತು.

ಯಂತ್ರ ಇಟಲಿ ದೇಶದ್ದು. ಎಸ್ಪ್ರೆಸ್ಸೊ ಎಂದು ಅದರ ಕಾಫಿಯ ಹೆಸರು. ನಮ್ಮ ಕಡೆಯವರು ಸೌಟು ಹಿಡಿದು ಬೊಂಬಾಯಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ನನ್ನ ಹೆಂಡತಿ ವಾರಿಜಳ ತಮ್ಮನೂ ಹಾಗೆ ಹೋಗಿ ಹೋಟೆಲು ಇಟ್ಟವನು. ಆಸೆಪಟ್ಟು ಈ ಯಂತ್ರ ತರಿಸಿದ. ಅವನ ಗಿರಾಕಿಗಳು ಚಹಾ ಬಿಟ್ಟು ಕದಲಲಿಲ್ಲ. ಅಕ್ಕ ಬೆಳಗಾದರೆ ಒಲೆಯ ಹೊಗೆ ಕುಡಿಯುವುದಾದರೂ ತಪ್ಪಲಿ ಎಂದು ಅದನ್ನು ಹುಬ್ಬಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನ ಮೇಲೆ ಹೇರಿಸಿ ನಮಗೆ ಕಳಿಸಿಬಿಟ್ಟ. ಗೋಣಿ ಬಿಚ್ಚಿದಾಗ ಹಿತ್ತಾಳೆಯ ಗುಮ್ಮಟ ಹೊಳೆಯಿತು. ಬಸ್‌ಸ್ಟ್ಯಾಂಡಿನಲ್ಲಿದ್ದ ಮುದುಕರೊಬ್ಬರು ಯಾವ ದೇವಸ್ಥಾನದ ಕಲಶ ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೈಮುಗಿದರು.

ಅವರು ಮಾಡಿದ್ದು ತಪ್ಪಲ್ಲ ಎಂದು ಈಗ ಅನಿಸುತ್ತದೆ. ದೇವರಿಗಾದರೂ ಇಷ್ಟು ಉಪಚಾರವಿಲ್ಲ. ಗುಮ್ಮಟವನ್ನು ಹುಣಸೆಹುಳಿ ಹಾಕಿ ತಿಕ್ಕಬೇಕು. ಹಾಲು ನೊರೆಸುವ ಕೊಳವೆಯನ್ನು ಆಗಿಂದಾಗ್ಗೆ ಒರೆಸದಿದ್ದರೆ ಹಾಲು ಒಳಗೇ ಗಟ್ಟಿಯಾಗಿ ಮರುದಿನ ನಾರುತ್ತದೆ. ಪುಡಿ ಸ್ವಲ್ಪ ನುಣ್ಣಗಾದರೆ ಒಂದು ತೊಟ್ಟೂ ಇಳಿಯುವುದಿಲ್ಲ. ಸ್ವಲ್ಪ ತರಿಯಾದರೆ ಮಳೆಗಾಲದ ಮಾಡಿನ ನೀರಿನ ಹಾಗೆ ಧೋ ಎಂದು ಸುರಿಯುತ್ತದೆ. ಇನ್ನು ಅದರ ಹಿಡಿಕೆ. ಅದನ್ನು ಜಗ್ಗಿ ಕೆಳಗಿಳಿಸಿ, ಮೆಲ್ಲಗೆ ಮೇಲೆ ಬಿಡಬೇಕು. ಒಮ್ಮೆ ಬಾಗಿಲಿಗೆ ಯಾರೋ ಬಂದರೆಂದು ಕೈಬಿಟ್ಟೆ, ಅದು ಚಿಮ್ಮಿ ಬಂದು ನನ್ನ ಗದ್ದಕ್ಕೆ ಬಡಿಯಿತು. ಮರುದಿನ ಪಟ್ಟಿ ಹಾಕಿಕೊಂಡೇ ಕೋರ್ಟಿಗೆ ಹೋದೆ. ಎದುರು ಕಕ್ಷಿಯವರು ಹೊಡೆದರೆಂದು ಸುದ್ದಿ ಹಬ್ಬಿತು, ನಾನೂ ಅಲ್ಲಗಳೆಯಲಿಲ್ಲ. ಕಾಫಿಯಿಂದ ಏಟು ತಿಂದೆನೆಂದು ಹೇಳುವುದಕ್ಕಿಂತ ಅದೇ ಮರ್ಯಾದೆ.

ವಾರಿಜ ಮಾತ್ರ ಯಂತ್ರವನ್ನು ಮುಟ್ಟಲಿಲ್ಲ. "ತಮ್ಮ ಕಳ್ಸಿದ್ ನಂಗೆ, ಆರೆ ಅದಕ್ಕ್ ಬೇಕಾದ್ದ್ ನಿಮ್ಮಂಥ ಕೆಲ್ಸ ಇಲ್ದಿದ್ದೋರ್" ಎಂದಳು. ಹೀಗೆ ಅವಳ ಯಂತ್ರ ನನ್ನ ಪಾಲಿಗೆ ಬಂತು.

ಇಷ್ಟಾದರೆ ಸಹಿಸಬಹುದಿತ್ತು. ಆದರೆ ಪಕ್ಕದ ಮನೆ ಐತಾಳ ಮಾಸ್ಟ್ರದು. ಶಾಲೆಯಿಂದ ನಿವೃತ್ತರಾದವರು, ಒಬ್ಬರೇ ಇರುವವರು, ಊರಿನಲ್ಲಿ ನನಗಿರುವ ಒಬ್ಬರೇ ನಿಜವಾದ ಸ್ನೇಹಿತರು. ಸಂಜೆ ರೇಡಿಯೋದಲ್ಲಿ ಸುದ್ದಿ ಕೇಳಿ, ನಮ್ಮ ಜಗಲಿಗೆ ಬಂದು, ದಿಲ್ಲಿಯವರು ಮಾಡಿದ ತಪ್ಪುಗಳನ್ನೆಲ್ಲ ನನ್ನ ಮುಂದೆ ತಿದ್ದುವುದು ಅವರ ಪದ್ಧತಿ. ನಾನು ಕೋರ್ಟಿನಿಂದ ಬಂದು ಯಂತ್ರ ಹಚ್ಚುವುದೂ ಅದೇ ಹೊತ್ತಿಗೆ. ಕರೆಂಟು ಕುಗ್ಗಿದರೆ ಅವರ ರೇಡಿಯೋದ ಸ್ವರವೂ ಇಳಿದು ಇಳಿದು ನಿಲ್ಲುತ್ತಿತ್ತು.

"ಎಂತ ಮರಾಯ್ರೆ, ನಿಮ್ಮ ಕಾಫಿ ದೆಸಿಂದ ದಿಲ್ಲಿ ಬಾಯಿ ಮುಚ್ಚಿ ಹೋಯ್ತಲೆ!" ಎಂದು ಒಂದು ಸಂಜೆ ಬೇಲಿಯಾಚೆಯಿಂದ ಕೂಗಿದರು.

"ನಮ್ಮನಿ ಸ್ವಿಚ್ ನಾನ್ ಹಾಕುಕಾಗದಾ ಮಾಸ್ಟ್ರೇ?" ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು. ಮಾಸ್ಟ್ರು ಜಗಲಿಗೆ ಬರುವುದು ನಿಂತಿತು. ತಪ್ಪು ನನ್ನದೆಂದು ಗೊತ್ತಿದ್ದವನು ಕಾನೂನಿನ ಪುಸ್ತಕ ತೆಗೆಯುತ್ತಾನೆ, ನಾನೂ ತೆಗೆದೆ. ಒಬ್ಬನ ಕಿಟಕಿಗೆ ಇಪ್ಪತ್ತು ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ ಅದು ಅವನ ಹಕ್ಕಾಗುತ್ತದೆ, ನೆರೆಯವನು ಗೋಡೆ ಎಬ್ಬಿಸಿ ಅದನ್ನು ತಡೆಯುವಂತಿಲ್ಲ. ಆದರೆ ಅದು ಸೂರ್ಯನ ಬೆಳಕಿನ ಮಾತು, ಬಲ್ಬಿನದಲ್ಲ. ನಮ್ಮ ಬೀದಿಗೆ ಕರೆಂಟು ಬಂದೇ ಇಪ್ಪತ್ತು ವರ್ಷ ಆಗಿಲ್ಲ. ಮನಸ್ಸಿನೊಳಗೇ ನಡೆಸಿದ ಮೊಕದ್ದಮೆ ನಾನೇ ಗೆದ್ದೆ. ಗೆದ್ದದ್ದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಬೇಕಾದವರು ಬೇಲಿಯಾಚೆ ಕೂತಿದ್ದರು. ಖಾಲಿ ಜಗಲಿಯಲ್ಲಿ ಕುಡಿದ ಆ ಕಾಫಿ ಕಹಿಯಾಗಿತ್ತು, ಅದಕ್ಕೆ ಪುಡಿ ಕಾರಣವಲ್ಲ.

ಅಷ್ಟರಲ್ಲಿ ಯಂತ್ರದ ರಬ್ಬರು ಬಳೆ ಒಡೆಯಿತು. ಹಿಡಿಕೆ ಜಗ್ಗಿದರೆ ಕಾಫಿ ಲೋಟ ಬಿಟ್ಟು ಮತ್ತೆಲ್ಲ ಕಡೆಗೆ ಹಾರತೊಡಗಿತು, ನನ್ನ ಬಿಳಿ ಅಂಗಿಗೂ. ಹೊಸ ಬಳೆ ಬೊಂಬಾಯಿಯಿಂದಲೇ ಬರಬೇಕು. ಯಂತ್ರಕ್ಕೆ ಬಟ್ಟೆ ಹೊದೆಸಿದೆ. ಬೀದಿಯ ದೀಪಗಳು ಅಲುಗಾಡದೆ ಉರಿದವು. ವಾರಿಜ ಹಳೆಯ ಫಿಲ್ಟರನ್ನು ಅಟ್ಟದಿಂದ ಕೆಳಗಿಳಿಸಿದಳು.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಸಂಜೆ, ಸುದ್ದಿ ಇನ್ನೂ ಮುಗಿದಿರದ ಹೊತ್ತಿನಲ್ಲಿ, ಅಂಗಳದಿಂದ ಕೂಗು ಕೇಳಿತು.

"ಹ್ವಾಯ್ ವಕೀಲ್ರೇ! ಒಳ್ಗಿದ್ರ್ಯಾ?"

ಹೊರಗೆ ಬಂದೆ. ಮಾಸ್ಟ್ರು ಶಾಲೆಯ ಹುಡುಗನನ್ನು ನೋಡುವ ಹಾಗೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಹುಷಾರ್ ಇದ್ರಿ ಅಲ್ದಾ?"

"ನಂಗೆಂತ ಆಯ್ತ್? ಸಮಾ ಇದ್ದೆ."

"ಮತ್ತೆ ದೀಪ ಎಂತಕೆ ಕುಗ್ಗುದಿಲ್ಲ? ನಿಮಗೆ ಎಂತದೋ ಆಯ್ತ್ ಅಂದೇಳಿ ಹೆದ್ರಿಕೆ ಆಯ್ತ್ ಮರಾಯ್ರೆ. ರೇಡಿಯೋ ಚೆಂದ ಕೇಣ್ತ್, ಆರೆ ಒಂದ್ ಸುದ್ದಿಯೂ ತಲಿಗೆ ಹೋಯ್ಲಿಲ್ಲ."

ಬಳೆ ಒಡೆದ ಕಥೆ ಹೇಳಿ, ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಿದೆ. ವಾರಿಜ ಫಿಲ್ಟರು ಕಾಫಿ ತಂದಿಟ್ಟಳು. ಮಾಸ್ಟ್ರು ಕುಡಿದು, "ಇದ್ ಕಾಫಿ" ಎಂದರು. ವಾರಿಜ ನನ್ನ ಮುಖ ನೋಡಿದಳು. ನಾನು ಯಂತ್ರದ ಕಡೆ ನೋಡಿದೆ.

ಬಳೆ ಬಂದ ಮೇಲೆ ಸುದ್ದಿ ಮುಗಿಯುವವರೆಗೆ ಯಂತ್ರ ಹಚ್ಚುವುದಿಲ್ಲ ಎಂದು ಮಾಸ್ಟ್ರಿಗೆ ಮಾತು ಕೊಡಲು ಹೋದೆ. ಅವರು ಒಪ್ಪಲಿಲ್ಲ.

"ಸುದ್ದಿ ಶುರು ಆಪುಕೆ ಮೊದ್ಲ್ ಒಂದ್ ಸಲ ಕುಗ್ಸಿ ಬಿಡಿ. ನೀವ್ ಕೋರ್ಟಿಂದ ಬಂದ್ರಿ ಅಂದೇಳಿ ನಂಗೆ ಗೊತ್ತಾತ್ತ್. ಆಮೇಲ್ ನೆಮ್ಮದಿಲಿ ಕೇಣ್ತೆ."

ಬಳೆ ಬಂತು. ಈಗ ಕಾಫಿ ಬೇಡದ ದಿನವೂ ಮನೆಗೆ ಬಂದ ಕೂಡಲೇ ಸ್ವಿಚ್ಚು ಹಾಕುತ್ತೇನೆ. ಕಿಟಕಿಯಿಂದ ನೋಡಿದರೆ ಮಾಸ್ಟ್ರ ಮನೆಯ ಬಲ್ಬು ಕೆಂಪಾಗುತ್ತದೆ; ಸ್ವಿಚ್ಚು ತೆಗೆದರೆ ಮತ್ತೆ ಬೆಳಗುತ್ತದೆ. ಪಕ್ಕದ ಮನೆಯಿಂದ ದಿನಕ್ಕೊಮ್ಮೆ ಒಂದಿಷ್ಟು ಕತ್ತಲೆ ಪಡೆಯುವ ಹಕ್ಕಿಗೆ ನನ್ನ ಪುಸ್ತಕದಲ್ಲಿ ಕಲಮು ಇಲ್ಲ. ಇಪ್ಪತ್ತು ವರ್ಷ ತುಂಬಲಿ ಎಂದು ನಾನು ಕಾಯಲೂ ಇಲ್ಲ. ಮೊದಲ ದಿನವೇ ಅದನ್ನು ಮಾಸ್ಟ್ರಿಗೆ ಬಿಟ್ಟುಕೊಟ್ಟೆ.