ಎಮ್ಮೆಯ ಹೊಟ್ಟೆಯ ಕಾಂತಕ್ಷೇತ್ರ

ಎರಡು ಸಾವಿರನೇ ಇಸವಿಯ ಆಸುಪಾಸು ನಾನು ಭೂವಿಜ್ಞಾನದ ವಿದ್ಯಾರ್ಥಿ. ಸೀಮೆಎಣ್ಣೆಯೊಳಗಿನ ಪ್ರೋಟಾನ್‌ಗಳು ಗಿರಕಿ ಹೊಡೆಯುವ ವೇಗದಿಂದ ಕಾಂತಕ್ಷೇತ್ರ ಅಳೆದು, ನೆಲದಡಿಯ ಕಲ್ಲನ್ನು ಅಂದಾಜು ಮಾಡುವ ಯಂತ್ರ ಹೊತ್ತು ಇಳಕಲ್ಲಿನ ಹತ್ತಿರದ ಹೊಲಕ್ಕೆ ಹೋಗಿದ್ದೆ. ಅಲ್ಲೊಂದು ಎಮ್ಮೆ ಹತ್ತಿರ ಬಂದಾಗಲೆಲ್ಲ ಅಂಕಿ ಜಿಗಿಯುತ್ತಿತ್ತು. ಒಡತಿಗೆ ಹೇಳಿ ಕೊರಳ ಸರಪಳಿ ಬಿಚ್ಚಿಸಿದರೂ ಜಿಗಿಯಿತು.

“ಅಕ್ಕಾರ, ಇದರ ಹೊಟ್ಟ್ಯಾಗ ಕಬ್ಬಿಣ ಐತಿ ಅನಸ್ತೈತ್ರಿ,” ಎಂದೆ.

ಒಡತಿ ಯೋಚಿಸಿದಳು. “ಖರೆ ಇರಬೇಕ್ರಿ. ಮಗ್ಗದ ಮೊಳಿ ಕಳದಾವು, ಇದೂ ಮೇವು ಮುಟ್ಟವಲ್ದು.”

ದನದ ಡಾಕ್ಟರು ಕೊಯ್ದಾಗ ಹಿಡಿ ಮೊಳೆ ಸಿಕ್ಕವು. ಎಮ್ಮೆ ಉಳಿಯಿತು.

ಮರುವಾರ ಹೋದಾಗ ಊರ ಎಮ್ಮೆಗಳೆಲ್ಲ ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಒಬ್ಬ ಅಜ್ಜ ಅಂಗಿ ಎತ್ತಿಕೊಂಡಿದ್ದ. “ನಂದೂ ಭಾಳ ದಿನದಿಂದ ನೋಯ್ತೈತ್ರಿ.”

ಯಂತ್ರ ಹಿಡಿದೆ. ಅಂಕಿ ಅಲುಗಲಿಲ್ಲ. ಅಜ್ಜನಿಗೆ ಬೇಸರವಾಯಿತು. “ಎಮ್ಮಿಗಾದ್ರ ತೋರಸ್ತೈತಿ,” ಎಂದು ಗೊಣಗಿದ.