ಅಣ್ಣನ ಭಾಷಣ, ಅತ್ತಿಗೆಯ ಬೆಲ್ಲ

ನಮ್ಮಣ್ಣ ತಿಮ್ಮೇಶನಿಗೆ ಮೈಕು ಸಿಕ್ಕಿದರೆ ಊಟವೂ ಬೇಡ. ಅರಸೀಕೆರೆಯಲ್ಲಿ ಲೈನ್‌ಮನ್ ಕೆಲಸ. ಕಂಬ ಹತ್ತಿದರೂ ಕೆಳಗೆ ನಿಂತವರಿಗೆ ನಾಲ್ಕು ಬುದ್ಧಿಮಾತು ಹೇಳದೆ ಇಳಿಯುವವನಲ್ಲ. ಅತ್ತಿಗೆ ವಸಂತಮ್ಮ ತದ್ವಿರುದ್ಧ. ಜನ ಸೇರಿದ ಕಡೆ ಅವರ ಬಾಯಿಗೆ ಬೀಗ. ಆದರೆ ಹಟಕ್ಕೆ ಬಿದ್ದರೆ ಯಾರ ಮಾತೂ ನಡೆಯುವುದಿಲ್ಲ. ಮಗಳು ಕಾವ್ಯಶ್ರೀಗೆ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದಾಗ ಅಣ್ಣ ದೇವರನ್ನು ಬೈಯುತ್ತ ಕೂತ. ಅತ್ತಿಗೆ ನರ್ಸಮ್ಮನ ಹಿಂದೆ ಬಿದ್ದು ಇನ್ಸುಲಿನ್ ಚುಚ್ಚುವುದನ್ನು ಕಲಿತರು. ನೋವು ಎಷ್ಟೆಂದು ತಿಳಿಯಲು ಮೊದಲು ತಮ್ಮ ತೊಡೆಗೇ ಬರಿ ಸೂಜಿ ಚುಚ್ಚಿಕೊಂಡರು.

ಸೈಕಲ್ ಜಾಥಾ ಅಣ್ಣನ ಯೋಚನೆ. ೧೯೯೯ರಲ್ಲಿ. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಬೇಲೂರಿನವರೆಗೆ ಮನೆಮಂದಿಯೆಲ್ಲ ಸೈಕಲ್ ತುಳಿಯುವುದು, ದಾರಿಯಲ್ಲಿ ಭಾಷಣ ಮಾಡಿ ಬಡಮಕ್ಕಳ ಇನ್ಸುಲಿನ್‌ಗೆ ಚಂದಾ ಎತ್ತುವುದು. ಅತ್ತಿಗೆಗೆ ಸೈಕಲ್ಲೇ ಬರುತ್ತಿರಲಿಲ್ಲ. ಮಗಳನ್ನು ಒಬ್ಬಳೇ ಬಿಡುವುದಿಲ್ಲವೆಂದು ಊರಾಚೆಯ ಮಾಲೇಕಲ್ಲು ಬೆಟ್ಟದ ರಸ್ತೆಯಲ್ಲಿ ಸೀರೆ ಎತ್ತಿ ಕಟ್ಟಿ ಕಲಿತರು. ಹಿಂದೆ ಹಿಡಿದುಕೊಂಡು ಓಡಿದವನು ನಾನು. ಬೆಟ್ಟಕ್ಕೆ ಹೊರಟ ಭಕ್ತರು ನಿಂತು ನಕ್ಕರು.

"ನಗಲಿ ಬಿಡು ಯುವರಾಜ, ನೀನು ಕೈ ಬಿಡಬೇಡ" ಎಂದರು ಅತ್ತಿಗೆ.

ಮೊದಲ ದಿನವೇ ಅಣ್ಣನ ಭಾಷಣಕ್ಕೆ ಚಪ್ಪಾಳೆಯೋ ಚಪ್ಪಾಳೆ. "ಸಕ್ಕರೆ ವಿಷ! ನನ್ನ ಮಗಳ ಕೈಗೆ ಒಂದು ಚೂರು ಬೆಲ್ಲ ಇಟ್ಟವರು ಅವಳಿಗೆ ವಿಷ ಇಟ್ಟ ಹಾಗೆ!" ಎಂದು ಮೈಕಿನಲ್ಲಿ ಕೂಗುತ್ತಿದ್ದ.

ಜಾವಗಲ್ಲಿನಲ್ಲಿ ನೆಂಟರ ಮನೆಯಲ್ಲಿ ತಂಗಿದಾಗ ಅತ್ತಿಗೆ ಹೇಳಿದರು. "ರೀ, ಅರ್ಧ ಹೇಳ್ತೀರ. ಸೂಜಿ ತಗೊಂಡು ಊಟ ತಡವಾದ್ರೆ ಸಕ್ಕರೆ ಇಳಿದುಹೋಗುತ್ತೆ, ಆಗ ಸಿಹೀನೇ ಔಷಧಿ ಅಂತ ಡಾಕ್ಟ್ರು ಹೇಳಿಲ್ವಾ? ಅದನ್ನೂ ಹೇಳಿ."

"ಜನಕ್ಕೆ ಎರಡೆರಡು ಹೇಳಿದ್ರೆ ತಲೆ ಕೆಡುತ್ತೆ ಕಣೇ. ಒಂದೇ ಮಾತು, ನೆಟ್ಟಗೆ!"

ಮಾರನೇ ಬೆಳಿಗ್ಗೆ ಬೇಗ ಹೊರಟು ಹಳೇಬೀಡು ಸೇರಿದ ಮೇಲೆ ಕಾವ್ಯಳಿಗೆ ಸೂಜಿ ಆಯಿತು. ಉಪ್ಪಿಟ್ಟು ಬಂತು. ಅಷ್ಟರಲ್ಲಿ ಹಾರ ಹಿಡಿದ ಜನರೂ ಬಂದರು. ಭಾಷಣ ಉದ್ದವಾಯಿತು, ಹುಡುಗಿ ವೇದಿಕೆಯ ಮೇಲೆಯೇ ನಿಂತಿದ್ದಳು. ಇಳಿದು ಎರಡು ತುತ್ತು ತಿನ್ನುವಷ್ಟರಲ್ಲಿ ಅಣ್ಣ ಬೇಲೂರಿನವರು ಕಾಯುತ್ತಾರೆಂದು ಎಬ್ಬಿಸಿದ. ಚೀಲದಲ್ಲಿ ಗ್ಲೂಕೋಸ್ ಪೊಟ್ಟಣ ಇದೆಯಲ್ಲ ಎಂಬ ಧೈರ್ಯದಲ್ಲಿ ಅತ್ತಿಗೆ ಸುಮ್ಮನಾದರು.

ಮಾದಿಹಳ್ಳಿಯ ಹತ್ತಿರ ಕಾವ್ಯಳ ಸೈಕಲ್ ಓಲಾಡಿತು. ಓಡಿಹೋಗಿ ಹಿಡಿದೆ. ಮೈಯೆಲ್ಲ ಬೆವರು, ತುಟಿ ಅದುರುತ್ತಿತ್ತು. "ಚಿಕ್ಕಪ್ಪ, ಸ್ಕೂಲು ಬಿಟ್ರಾ?" ಎಂದಳು.

ಅತ್ತಿಗೆ ಚೀಲ ಕೊಡವಿದರು. "ಪೊಟ್ಟಣ ಎಲ್ರೀ?"

ಅಣ್ಣನ ಮುಖ ಬಿಳಿಚಿಕೊಂಡಿತು. "ಜಾವಗಲ್ಲಲ್ಲೇ ತೆಗೆದಿಟ್ಟೆ... ಸಕ್ಕರೆ ಬೇಡ ಅನ್ನೋರ ಚೀಲದಲ್ಲೇ ಸಕ್ಕರೆ ಕಂಡ್ರೆ ಜನ ಏನಂತಾರೆ ಅಂತ..."

ಇದನ್ನು ಬರೆಯುವಾಗಲೂ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತದೆ.

ಅತ್ತಿಗೆ ಮಗಳನ್ನು ಹೊತ್ತು ಹಾಲಿನ ಡೇರಿ ಪಕ್ಕದ ಅಂಗಡಿಗೆ ಓಡಿದರು. ಅಂಗಡಿಯ ದೇವೀರಮ್ಮ ಬೆಳಿಗ್ಗೆ ಹಳೇಬೀಡಿನಲ್ಲಿ ಮುಂದೆಯೇ ಕೂತು ಭಾಷಣ ಕೇಳಿ, ಬಸ್ಸಿನಲ್ಲಿ ನಮಗಿಂತ ಮೊದಲೇ ಊರು ಸೇರಿದ್ದರು.

"ಒಂದಚ್ಚು ಬೆಲ್ಲ ಕೊಡಮ್ಮ, ಬೇಗ!"

ದೇವೀರಮ್ಮ ಬೆಲ್ಲದ ಡಬ್ಬವನ್ನು ಎಳೆದು ತಬ್ಬಿಕೊಂಡರು. "ಬುದ್ಧಿ ನೆಟ್ಟಗೈತಾ ತಾಯಿ? ನಿನ್ ಯಜಮಾನ್ರೇ ಹೇಳವ್ರೆ. ಕೂಸಿಗೆ ಇಸ ಹಾಕಕ್ಕೆ ನನ್ ಅಂಗಡೀನೇ ಬೇಕಿತ್ತಾ?"

ಡೇರಿಗೆ ಬಂದಿದ್ದವರು ಸುತ್ತ ಸೇರಿದರು. ಕರಿಬಸವಯ್ಯ ಎಂಬ ಹಿರಿಯರು ಅಡ್ಡ ನಿಂತು, "ಬ್ಯಾಡ ಕಣವ್ವ, ಬಸ್ಸು ಬತ್ತೈತೆ, ಆಸ್ಪತ್ರೆಗೆ ಕರ್ಕೊಂಡೋಗು" ಎಂದರು. ಎಲ್ಲರೂ ಒಳ್ಳೆಯವರೇ. ಅದಕ್ಕೇ ಭಯವಾಗಿದ್ದು.

"ಅಣ್ಣಾ, ಹೇಳೋ ಅವರಿಗೆ!" ಎಂದು ಕಿರುಚಿದೆ. ಅಣ್ಣ ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಕಾವ್ಯಳ ಕಣ್ಣು ಮೇಲಕ್ಕೆ ಹೋಯಿತು.

"ಅವರು ಹೇಳಿದ್ದು ಅರ್ಧ! ಇನ್ನರ್ಧ ನಾನು ಹೇಳ್ತೀನಿ, ದಾರಿ ಬಿಡಿ!"

ಅತ್ತಿಗೆಯ ಅಂಥ ಗಂಟಲನ್ನು ನಾನು ಕೇಳಿಯೇ ಇರಲಿಲ್ಲ. ಮಗಳನ್ನು ನನ್ನ ತೋಳಿಗೆ ಹಾಕಿ, ಕರಿಬಸವಯ್ಯನವರನ್ನು ದೂಡಿ, ಡಬ್ಬಕ್ಕೆ ಕೈ ಹಾಕಿ ಬೆಲ್ಲ ಕಸಿದುಕೊಂಡರು. ಕುಟ್ಟಿ, ನೀರು ತಟ್ಟಿ, ಮಗಳನ್ನು ಮಗ್ಗುಲಾಗಿ ಮಲಗಿಸಿ ಕೆನ್ನೆಯ ಒಳಗೆ ಉಜ್ಜಿದರು.

"ಕೂಸಿಗೆ ಏನಾರ ಆದ್ರೆ ನಾನ್ ಕಾಣೆ!" ದೇವೀರಮ್ಮ ತಲೆ ಚಚ್ಚಿಕೊಂಡರು.

ಅತ್ತಿಗೆ ಮತ್ತೆ ಉಜ್ಜಿದರು. ಬಸ್ಸು ಬಂದು ನಿಂತು ಹೋಯಿತು. ಯಾರೂ ಹತ್ತಲಿಲ್ಲ. ಹುಡುಗಿ ಅಲುಗಲಿಲ್ಲ. ಮತ್ತೆ ಉಜ್ಜಿದರು. ಕೊನೆಗೆ ಕಾವ್ಯಳ ನಾಲಿಗೆ ಸ್ವಲ್ಪ ಆಡಿತು, ಬೆಲ್ಲ ನೆಕ್ಕಿತು, ನುಂಗಿದಳು. ಎಷ್ಟೋ ಹೊತ್ತಿನ ಮೇಲೆ, "ಅಮ್ಮಾ, ಹಸಿವು" ಎಂದಳು.

ನಾನು ಅತ್ತೇಬಿಟ್ಟೆ. ಸಕ್ಕರೆ ಏರಿದರೆ ಒಂದು ಕಷ್ಟ, ಇಳಿದರೆ ಇನ್ನೊಂದು, ಇಳಿದಾಗ ಹೀಗೆ ಬೆವರುತ್ತಾರೆ, ತೊದಲುತ್ತಾರೆ ಎಂದು ಅತ್ತಿಗೆ ಸುತ್ತ ಸೇರಿದ್ದವರಿಗೆಲ್ಲ ಹೇಳುತ್ತಿದ್ದರು. ದೇವೀರಮ್ಮ ಮಾತ್ರ ಕುಸಿದು ಕೂತರು.

"ಸಕ್ಕರೆ ಕಾಯ್ಲೆಗೆ ಗುಳಿಗೆ ನುಂಗೋರ್ಗೂ ಹಿಂಗಾಯ್ತದಾ?"

"ಆಗುತ್ತಮ್ಮ. ನುಂಗಿ ಊಟ ಮಾಡ್ದೆ ಇದ್ರೆ."

"ನಮ್ಮನೆಯೋರು ಸಾಯೋ ದಿನ ಗುಳಿಗೆ ನುಂಗಿ, ಉಣ್ದಲೇ ಹೊಲಕ್ಕೆ ಹೋಗಿದ್ರು. ಹೋದ ಸುಗ್ಗೀಲಿ. ಹಿಂಗೇ ಬೆವತ್ಕಂಡು ಬಂದು ಇಲ್ಲೇ ಕೂತು ಬೆಲ್ಲ ಕೇಳಿದ್ರು ಕಣವ್ವ. ಕೈ ಮುಗುದು ಕೇಳಿದ್ರು. ನಾನು ಡಬ್ಬ ಎತ್ತಿ ಅಟ್ಟದ ಮೇಲಿಟ್ಟೆ."

ಅತ್ತಿಗೆ ಅಂಟು ಕೈಯಲ್ಲೇ ಅವರ ಕೈ ಹಿಡಿದುಕೊಂಡರು. "ನಿಮಗೆ ಯಾರೂ ಹೇಳಿರಲಿಲ್ಲ ಕಣಮ್ಮ."

ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ಅಣ್ಣ ಆ ಮಾತು ಕೇಳಿ ದೇವೀರಮ್ಮನ ಕಾಲ ಬಳಿ ಕೂತು ಬಿಕ್ಕಿಬಿಕ್ಕಿ ಅತ್ತ.