ಬಿಸಿಲು ತಿಂದ ಕೂದಲು

ಮೊನ್ನೆ ತಲೆ ಬಾಚಿಕೊಳ್ಳುವಾಗ ಬಾಚಣಿಗೆಯಲ್ಲಿ ಉದ್ದನೆಯ ಕೂದಲೊಂದು ಉಳಿಯಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬುಡ ಕಪ್ಪಗಿತ್ತು, ತುದಿ ಬಿಸಿಲಿಗೆ ಕಂದಿ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಬೇರೆಯವರಾಗಿದ್ದರೆ ಸುತ್ತಿ ಎಸೆಯುತ್ತಿದ್ದರು. ನನಗೆ ಲಕ್ಷ್ಮೇಶ್ವರದ ನಮ್ಮ ಓಣಿಯ ಕಾಕಾ ನೆನಪಾದರು...

ಕಾಕಾ ನಮ್ಮ ಸಂಬಂಧಿಕರಲ್ಲ, ಪಕ್ಕದ ಮನೆಯವರು. ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅದರ ಆಚೆಯಿಂದಲೇ ಅವರ ಹೆಂಡತಿ, ನಾವು ಚಾಚಿ ಎನ್ನುತ್ತಿದ್ದವರು, ನಮ್ಮ ಅವ್ವನನ್ನು ಕೂಗಿ ಮಾತಾಡಿಸುತ್ತಿದ್ದರು. ಕಾಕಾ ಶಿರಹಟ್ಟಿಯ ಮಾಲಕರೊಬ್ಬರ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಬೇಸಿಗೆಯಲ್ಲಿ ಹೊಲ ಹರಗುವುದು, ಸುಗ್ಗಿಯಲ್ಲಿ ಗದಗಿನ ಪೇಟೆಗೆ ಹತ್ತಿ ಸಾಗಿಸುವುದು. ಟ್ರ್ಯಾಕ್ಟರಿಗೆ ನೆರಳಿರಲಿಲ್ಲ. ಕಾಕಾ ತಲೆಗೆ ಏನನ್ನೂ ಸುತ್ತುತ್ತಿರಲಿಲ್ಲ. ಚಾಚಿ ಬೈದರೆ, "ಎಂಜಿನ್ ಏನಂತೈತಿ ಅನ್ನೋದು ಕೇಳಬೇಕಲಾ, ಕಿವಿ ಮುಚ್ಚಿಕೊಂಡು ಕುಂತ್ರ ಹೆಂಗ?" ಎನ್ನುತ್ತಿದ್ದರು. ಅವರ ನೆತ್ತಿಯ ಕೂದಲು ಒಣಗಿದ ಜೋಳದ ದಂಟಿನಂತೆ ಕೆಂಚಾಗಿತ್ತು.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಆ ಟ್ರ್ಯಾಕ್ಟರ್ ಹಳ್ಳಕ್ಕೆ ಉರುಳಿತು. ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಸ್ಟಿಯರಿಂಗ್ ತಿರುಗದೆ ಹಿಡಿದುಕೊಂಡಿತು ಎಂದರು ಕಾಕಾ. ಅಫೀಮು ನುಂಗಿ ತೂಕಡಿಸಿದ ಎಂದರು ಮಾಲಕರು. ಮಾಲಕರ ಮಾತೇ ಊರಿಂದೂರಿಗೆ ಹರಡಿತು. ಮುಂಡರಗಿಯವರೆಗೆ ಅಲೆದರೂ ಕಾಕಾನ ಕೈಗೆ ಯಾರೂ ಸ್ಟಿಯರಿಂಗ್ ಕೊಡಲಿಲ್ಲ.

ನಮ್ಮ ಪ್ರಾಧ್ಯಾಪಕರು ಆಗ ಕೂದಲಿನಲ್ಲಿ ಅಫೀಮಿನ ಅಂಶ ಉಳಿಯುತ್ತದೆಯೇ ಎಂದು ನೋಡುವ ಪ್ರಯೋಗಕ್ಕೆ ಹೊಸದಾಗಿ ಕೈ ಹಾಕಿದ್ದರು. ರಜೆಗೆ ಬಂದಾಗ ಅವ್ವನ ಮುಂದೆ ಹೇಳಿದ ಮಾತು ಗೋಡೆ ದಾಟಿತು. ಮರುದಿನ ಬೆಳಿಗ್ಗೆ ಕಾಕಾ ಬಾಗಿಲಲ್ಲಿ ನಿಂತಿದ್ದರು.

"ಮಗಳ, ತಿಂದಿದ್ದು ಕೂದಲದಾಗ ಕಾಣ್ತೈತಂತ, ಖರೆ ಏನು?"

"ಕೆಲವು ತಿಂಗಳ ತನಕ ಕಾಣ್ತೈತಿ ಕಾಕಾ."

"ಹಂಗಾರ ತಿನ್ನದಿದ್ದಿದ್ದೂ ಕಾಣಬೇಕಲ್ಲ! ಯೂನಿವರ್ಸಿಟಿಯವರು ಒಂದ್ ಮಾತು ಹೇಳಿದ್ರ ತಿರುಗಿ ಗಾಡಿ ಕೊಡ್ತೀನಿ ಅಂದಾರ ಮಾಲಕರು. ನಾ ಬರ್ತೀನಿ ನಡಿ."

ಪ್ರಾಧ್ಯಾಪಕರ ಒಪ್ಪಿಗೆ ಪಡೆದು, ಕಾಕಾನಿಗೆ ಬರಹೇಳಿ ಪತ್ರ ಹಾಕಿದೆ. ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಚಾಚಿ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಪ್ರಾಧ್ಯಾಪಕರು ಮೊದಲು ಅವರ ಹಿಂದಲೆಯನ್ನೇ ನೋಡಿದರು. ನೆತ್ತಿಯದು ಬಿಸಿಲು ಕುಡಿದ ಕೂದಲು. ಕುತ್ತಿಗೆಯ ಮೇಲಿನದು ನೆರಳಲ್ಲಿ ಬೆಳೆದಿರುತ್ತದೆ, ಅದು ಬೇಕು ಎಂದು ನನಗೆ ಹೇಳಿದ್ದರು. ಆದರೆ ಅಲ್ಲಿ ಏನೂ ಉಳಿದಿರಲಿಲ್ಲ. ಕಿವಿಯ ಸುತ್ತ, ಕುತ್ತಿಗೆಯ ಮೇಲೆ ಮಷಿನ್ ಆಡಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

"ದೊಡ್ಡವರ ಮುಂದ ಬರೋದೈತಿ ಅಂತ ನಿನ್ನೆ ಸಂಜಿಮುಂದ ಕಟಿಂಗ್ ಮಾಡಿಸಿಕೊಂಡೆ ನೋಡ್ರಿ," ಎಂದು ಕಾಕಾ ನಕ್ಕರು. "ಮ್ಯಾಲಿಂದು ಬಿಟ್ಟೀನಿ. ಎಷ್ಟ್ ಬೇಕು ತಗೋರಿ, ಪೂರಾ ಬೋಳಿಸಿದ್ರೂ ಚಿಂತಿಲ್ಲ."

ನೆತ್ತಿಯ ಕೂದಲನ್ನೇ ತೆಗೆದೆವು. ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ.

ಅಲ್ಲಿಗೇ ಮುಗಿದಿದ್ದರೆ... ಆದರೆ ಆ ಬೇಸಿಗೆಯಲ್ಲಿ ನನಗೆ ವಹಿಸಿದ್ದ ಕೆಲಸವೇ ಬಿಸಿಲಿನದು. ಅಫೀಮಿನ ರೂಢಿಯಿದ್ದ ವೃದ್ಧರೊಬ್ಬರ ಕೂದಲನ್ನು ಎರಡು ಪಾಲು ಮಾಡಿ, ಒಂದನ್ನು ಕಪಾಟಿನ ಕತ್ತಲೆಯಲ್ಲಿ, ಇನ್ನೊಂದನ್ನು ಗಾಜಿನ ತಟ್ಟೆಯಲ್ಲಿ ವಿಭಾಗದ ಮಾಳಿಗೆಯ ಮೇಲೆ ಇಟ್ಟಿದ್ದೆ. ಕತ್ತಲೆಯದರಲ್ಲಿ ಅಫೀಮಿನ ಗುರುತು ಸ್ಪಷ್ಟವಾಗಿತ್ತು. ಬಿಸಿಲಿನದರಲ್ಲಿ ವಾರದಿಂದ ವಾರಕ್ಕೆ ಮಸುಕಾಗುತ್ತ ಹೋಗಿ, ಕೊನೆಗೆ ಇದೆ ಎನ್ನಲು ಧೈರ್ಯ ಬಾರದಷ್ಟಾಯಿತು. ಅಚ್ಚುಕಟ್ಟಾದ ಕೆಲಸ ಎಂದು ಪ್ರಾಧ್ಯಾಪಕರು ಮೆಚ್ಚಿಕೊಂಡಿದ್ದರು.

"ನಿಮ್ಮ ಕಾಕಾನ ಕೂದಲದಾಗ ಏನೂ ಕಾಣಸವಲ್ದು, ಖರೆ," ಎಂದರು ಅವರು. "ಆದ್ರ ಇದ್ದಿದ್ದೇ ಇಲ್ಲ ಅಂತ ನಾ ಹೆಂಗ ಹೇಳ್ಲಿ? ಬಿಸಲಿಗೆ ಹೋಗ್ತೈತಿ ಅಂತ ನೀವೇ ತೋರಿಸೀರಿ."

ನಾನು ವಾದಿಸಲಿಲ್ಲ. ಕಾಕಾ ಅಫೀಮು ಮುಟ್ಟಿದವರಲ್ಲ ಎಂದು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ನಂಬಿದ್ದನ್ನೂ ಕಂಡದ್ದನ್ನೂ ಬೇರೆ ಬೇರೆ ಇಡುವುದನ್ನೇ ಅಲ್ಲಿ ನನಗೆ ಕಲಿಸಿದ್ದರು.

ಊರಿಗೆ ಹೋಗಿ ನಾನೇ ಹೇಳಿದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಪೂರ್ತಿ ಕೇಳಿದರು. ತಿಳಿಯಲಿಲ್ಲವೇನೋ ಎಂದು ಇನ್ನೊಮ್ಮೆ ಬಿಡಿಸಿ ಹೇಳಹೊರಟೆ. ಕೈಯೆತ್ತಿ ತಡೆದರು.

"ತಿಳೀತವಾ. ಇಷ್ಟ್ ವರ್ಷ ಅವರ ಹೊಲದಾಗ ಬಿಸಲಿಗೆ ಬೆಂದೆ. ಈಗ ನೋಡಿದ್ರ ಆ ಸೂರ್ಯಾನೂ ಮಾಲಕರ ಕಡಿಗಾದ."

ತಮ್ಮ ಮಾತಿಗೆ ತಾವೇ ನಕ್ಕರು. ನನಗೆ ಚಹಾ ತರಿಸಿದರು. ಕುಡಿದು ಎದ್ದು ಬಂದೆ...

ಆಮೇಲೆ ಅವರು ಗದಗಿನ ಹತ್ತಿ ಪೇಟೆಯಲ್ಲಿ ಚೀಲ ಹೊಲಿಯುವ ಕೆಲಸಕ್ಕೆ ಸೇರಿದರು. ಓಣಿಯಲ್ಲಿ ಟ್ರ್ಯಾಕ್ಟರ್ ಸದ್ದಾದರೆ ಎದ್ದು ಒಳಗೆ ಹೋಗುತ್ತಿದ್ದರೆಂದು ಅವ್ವ ಹೇಳುತ್ತಿದ್ದಳು. ಹೋದ ವರ್ಷ ತೀರಿಕೊಂಡರು. ನಾನು ನೌಕರಿಯ ಊರಲ್ಲಿದ್ದೆ. ಖಬರು ತಡವಾಗಿ ಬಂತು.

ಮೊನ್ನೆ ಕೂದಲು ಕಂಡ ವಾರವೇ ಲಕ್ಷ್ಮೇಶ್ವರಕ್ಕೆ ಹೋದೆ. ಚಾಚಿ ಬಹಳ ಇಳಿದುಹೋಗಿದ್ದಾರೆ. ಚಾಪೆ ಹಾಸಿ ಕೂಡಿಸಿದರು, ನನ್ನ ಮದುವೆಯ ಬಗ್ಗೆ ಕೇಳಿ ಕಾಡಿದರು. ಆಮೇಲೆ, ಉಪ್ಪು ಸಾಲ ಕೇಳುವಷ್ಟು ಸಹಜವಾಗಿ, "ಅಲ್ಲ ಮಗಳ, ಅವರಂತೂ ಕಡೀತನಕ ಬಾಯಿ ಬಿಡಲಿಲ್ಲ, ಆವತ್ತು ಅವರ ಕೂದಲದಾಗ ಅಫೀಮು ಸಿಕ್ಕಿತ್ತೇನು?" ಎಂದರು.

"ಇಲ್ಲ ಚಾಚಿ. ಏನೂ ಸಿಗಲಿಲ್ಲ."

ಚಾಚಿ ಒಳಗೆ ತಿರುಗಿ ಸೊಸೆಯನ್ನು ಕೂಗಿದರು. "ಏ ಹುಡುಗಿ, ಒಲಿ ಬಿಟ್ಟು ಇತ್ತ ಬಾ. ನಿನ್ನ ತವರಿನವರು ಏನೇನೋ ಅಂತಿದ್ರಲ್ಲ... ಇನ್ನೊಮ್ಮೆ ಹೇಳು ಮಗಳ, ಇಕಿನೂ ಕೇಳಲಿ."

ಸೊಸೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ಏನೂ ಸಿಗಲಿಲ್ಲ," ಎಂದೆ.

ಆ ವಾಕ್ಯದ ಹಿಂದೆ ಬಿಸಿಲಿನ ಬಗೆಗಿನ ಇನ್ನೊಂದು ವಾಕ್ಯವಿತ್ತು. ಅದನ್ನು ಹೇಳಲಿಲ್ಲ. ಕಾಕಾ ಕೇಳುತ್ತ ಕುಳಿತಿದ್ದ ದಿನ ಅದನ್ನು ಹೇಳದೆ ಇರಲು ನನ್ನಿಂದ ಆಗಿರಲಿಲ್ಲ.